ನಾಯಕಿ ಮನೆ ಬಿಡಲಿಲ್ಲ: ನನ್ನ ಅನುಭವ

ಪಾತ್ರ ತಾನಾಗಿ ನಡೆಯುತ್ತೆ ಅನ್ನೋದೆಲ್ಲ ಬರಹಗಾರರ ಗತ್ತು ಎಂದು ಜೊತೆಯವರು ಹೇಳುತ್ತಲೇ ಇದ್ದರು. ಈಗ ಕಾದಂಬರಿ ಅಚ್ಚಾಗಿದೆ, ಎರಡನೇ ಮುದ್ರಣಕ್ಕೂ ಹೋಗಿದೆ. ಅದರ ನಾಯಕಿ ನಾನು ಹೇಳಿದ್ದು ಕೇಳದೆ ತಾನಾಗಿ ನಡೆದದ್ದು ಹೇಗೆ ಅಂತ ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳು. ಪಾತ್ರಕ್ಕೆ ಪ್ರಶ್ನಾವಳಿ ತುಂಬಿಸುವುದು ಗೊತ್ತಲ್ವಾ? ಹುಟ್ಟಿದ ದಿನ, ಇಷ್ಟದ ಬಣ್ಣ, ಭಯ, ಹೀಗೆ ನೂರರ ಹತ್ತಿರ ಪ್ರಶ್ನೆ. ಇದನ್ನು ಕಲಿಸುವ ಶಿಬಿರಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಪಾದನೆ ಸುರಿದೆ. ಉತ್ತರಗಳು ಬಂದವು, ಎಲ್ಲ ನನ್ನ ದನಿಯಲ್ಲೇ. ಆಮೇಲೆ ಪ್ರತಿ ಅಧ್ಯಾಯಕ್ಕೂ ನಕ್ಷೆ ಹಾಕಿ ಬರೆದೆ. ದುಡ್ಡು ಕೊಟ್ಟು ಓದಿಸಿದ ಸಂಪಾದಕರು ‘ನಾಯಕಿ ಎಲ್ಲಿ?’ ಎಂದಷ್ಟೇ ಬರೆದರು. ಮುನ್ನೂರು ಪುಟದಷ್ಟು ಕರಡು ಹೋಯಿತು. ಗಡುವು ಮೀರಿತೆಂದು ಪ್ರಕಾಶಕರು ಮುಂಗಡವನ್ನೂ ವಾಪಸ್ ಪಡೆದರು. ಆ ವರ್ಷ ಕೈ ತುಂಬಾ ಬಿಗಿಯಾಗಿತ್ತು.

ಕೊನೆಗೆ ಫಲಿಸಿದ್ದು ಇದು. ಕಥೆಗೆ ಅಡ್ಡ ಬರುವಂಥ ಒಂದು ಆಸೆಯನ್ನು ನಾಯಕಿಗೆ ಕೊಟ್ಟೆ. ಕಥೆಯ ಪ್ರಕಾರ ಅವಳು ಮನೆ ಬಿಡಬೇಕು. ಅವಳಿಗೆ ಬೇಕಾದ್ದು ಅದೇ ಮನೆ, ಅದೂ ತನ್ನ ಹೆಸರಿಗೆ. ನಂತರ ಪುಸ್ತಕಕ್ಕೆ ಬೇಡವಾದ ದೃಶ್ಯಗಳನ್ನು ಬರೆಯುತ್ತಾ ಹೋದೆ. ಬರೀ ಮಾತು. ‘ಅಂದಳು’, ‘ಅಂದ’ ಕೂಡ ಇಲ್ಲ. ತಿದ್ದುವಂತಿಲ್ಲ, ನಿಲ್ಲಿಸುವಂತಿಲ್ಲ. ಮೂವತ್ತು ನಲವತ್ತು ಪುಟ ಸುಮ್ನೆ ದಂಡವಾದವು. ಆಮೇಲೆ ಅವಳ ಅಣ್ಣ ‘ಸಹಿ ಹಾಕು’ ಅಂದ. ನಾನು ಅಳು ಬರೆಯಲು ಹೊರಟಿದ್ದೆ. ಅವಳ ಬಾಯಿಂದ ‘ಈ ಪೆನ್ನಲ್ಲಿ ಮಸಿ ಇಲ್ಲ, ಬೇರೆ ತಾ’ ಎಂದು ಬಂತು. ಅವನು ಪೆನ್ನು ತರಲು ಹೋದಾಗ ಒಳಗಿಂದ ಚಿಲಕ ಹಾಕಿಕೊಂಡಳು. ನನ್ನ ನಕ್ಷೆ ಅಲ್ಲಿಗೇ ಮುಗಿಯಿತು.

ಇದು ನನ್ನೊಬ್ಬನ ಭ್ರಮೆ ಅಲ್ಲ. ಮನಶ್ಶಾಸ್ತ್ರಜ್ಞೆ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 50 ಕಥೆಗಾರರನ್ನು ಮಾತಾಡಿಸಿದ್ದರು. ಶೇ 92ರಷ್ಟು ಮಂದಿ ಇಂಥದ್ದು ಸ್ವಲ್ಪವಾದರೂ ಆಗಿದೆ ಎಂದರು. ಬರಹ ಪ್ರಕಟಿಸಿದವರಿಗೆ ಈ ಅನುಭವ ಇನ್ನೂ ಹೆಚ್ಚು ಸಲ ಆಗಿತ್ತು. ಅಭ್ಯಾಸದಿಂದ ಬರುತ್ತೆ ಎಂದು ನಾನು ನಂಬುವುದು ಅದಕ್ಕೇ.

ಹಾಗಂತ ಪಾತ್ರ ‘ಒಲ್ಲೆ’ ಅಂದಾಗೆಲ್ಲ ಒಪ್ಪುವುದಿಲ್ಲ. ಆ ಹಟದಿಂದ ಅವಳಿಗೇ ಕಷ್ಟ ಹೆಚ್ಚಿದರೆ ಇಟ್ಟುಕೊಳ್ಳುತ್ತೇನೆ. ನನ್ನ ಕೆಲಸ ಹಗುರಾದರೆ ಹೊಡೆದುಹಾಕುತ್ತೇನೆ. ಈ ಪರೀಕ್ಷೆಯಲ್ಲಿ ಐದರಲ್ಲಿ ಒಂದು ಉಳಿದರೆ ಹೆಚ್ಚು.

ನಡುವೆ ಬೇರೆ ಪ್ರಯೋಗಗಳೂ ಆದವು. ಎಡಗೈಯಲ್ಲಿ ಬರೆದೆ, ಬರಹ ನಿಧಾನವಾಯಿತು ಅಷ್ಟೇ. ಮಾತನ್ನು ಜೋರಾಗಿ ಹೇಳಿ ರೆಕಾರ್ಡ್ ಮಾಡಿದೆ. ಅದರಲ್ಲಿ ಅವಳು ಸಿಗಲಿಲ್ಲ, ಅಣ್ಣ ಸಿಕ್ಕ. ಅವನು ಸುಳ್ಳು ಹೇಳುವಾಗ ವಾಕ್ಯ ಮುಗಿಸುವುದಿಲ್ಲ ಅಂತ ಕೇಳಿದ ಮೇಲೇ ಗೊತ್ತಾಗಿದ್ದು. ಮಲಗುವ ಮುಂಚೆ ಪಾತ್ರಕ್ಕೆ ಕೇಳುವ ಒಂದು ಪ್ರಶ್ನೆಯೂ ಇದೆ. ಅದನ್ನು ಮುಂದಿನ ಪುಸ್ತಕ ಮುಗಿಯುವವರೆಗೆ ಹೇಳುವುದಿಲ್ಲ.

ಆ ಪುಸ್ತಕ ಅಣ್ಣನದೇ. ಈ ಸಲ ಬಂದ ಮುಂಗಡ ಹಳೆಯ ನಷ್ಟ ತುಂಬಿ ಸ್ವಲ್ಪ ಉಳಿದಿದೆ. ಅವನಿಗೆ ಏನು ಬೇಕು ಅನ್ನುವುದು ಇನ್ನೂ ಸಿಕ್ಕಿಲ್ಲ, ಹಾಗಾಗಿ ಸದ್ಯಕ್ಕೆ ಬರೀ ಮಾತು ಬರೆಯುತ್ತಿದ್ದೇನೆ.