ರಕ್ತ ಹಾಕಿಸಿಕೊಂಡು ವಿಮಾನ ಹತ್ತಿ

ನನಗೆ ಥಲಸ್ಸೇಮಿಯಾ ಮೇಜರ್, ಅಂದರೆ ದೇಹ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ ಹುಟ್ಟು ಕಾಯಿಲೆ. ತುಮಕೂರಿನಲ್ಲಿ 3 ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುತ್ತೇನೆ. ಹೋದ ವರ್ಷ ಸಿಂಗಪುರದ ಅಕ್ಕನ ಮನೆಗೆ 12 ದಿನ ಹೋಗಿ ಬಂದೆ.

ಟಿಕೆಟ್ ಆಮೇಲೆ, ಮೊದಲು ರಕ್ತದ ತಾರೀಕು ನೋಡಿ. ನಾನು ರಕ್ತ ಹಾಕಿಸಿಕೊಂಡ 2 ದಿನಕ್ಕೆ ಹೊರಟೆ. ಹಿಮೋಗ್ಲೋಬಿನ್ ಇಳಿದಿದ್ದರೆ ವಿಮಾನದಲ್ಲಿ ಏದುಸಿರು ಜಾಸ್ತಿ, ಒಳಗಿನ ಗಾಳಿಯ ಒತ್ತಡವೇ ಕಡಿಮೆ ಅಲ್ವಾ.

ಪದೇ ಪದೇ ರಕ್ತ ಹಾಕಿಸಿಕೊಂಡು ಮೈಯಲ್ಲಿ ಸೇರುವ ಕಬ್ಬಿಣದಂಶ ಇಳಿಸುವ ಡೆಫೆರಸಿರಾಕ್ಸ್ ಮಾತ್ರೆ ಕೈಚೀಲದಲ್ಲೇ ಇರಲಿ, ಒಂದು ವಾರದ್ದು ಹೆಚ್ಚಿಗೆ. ಡಬ್ಬಿಗೆ ಸುರಿಯಬೇಡಿ, ಪ್ಯಾಕಿನಲ್ಲೇ ಒಯ್ಯಿರಿ. ಹಿಂದೊಮ್ಮೆ ದೊಡ್ಡ ಬ್ಯಾಗಿಗೆ ಹಾಕಿದ್ದೆ. ಬ್ಯಾಗು 2 ದಿನ ತಡವಾಗಿ ಬಂತು!

ಡಾಕ್ಟರ ಪತ್ರ ಇಂಗ್ಲಿಷಿನಲ್ಲಿರಲಿ: ಕಾಯಿಲೆ, ಔಷಧಿಯ ಮೂಲ ಹೆಸರು, ಪ್ರಮಾಣ. ಸುಮ್ನೆ ‘ಬಿ ಪಾಸಿಟಿವ್’ ಅಂದರೆ ಸಾಲದು. ಕೆಲ್‌ನಂಥ (Kell) ರಕ್ತದ ಉಪಗುಂಪು, ಬೇರೆಯವರ ರಕ್ತದ ವಿರುದ್ಧ ಮೈಯಲ್ಲಿ ಹುಟ್ಟಿದ ಆಂಟಿಬಾಡಿ ಇದ್ದರೆ ಅದನ್ನೂ ಬರೆಸಿ. ಇಲ್ಲದಿದ್ದರೆ ಪರದೇಶದಲ್ಲಿ ಹೊಂದುವ ರಕ್ತ ಹುಡುಕುವುದು ತಡವಾಗುತ್ತದೆ. ವಿಮೆ ಮಾಡಿಸುವಾಗ ಕಾಯಿಲೆ ಮುಚ್ಚಿಡಬೇಡಿ.

ನನ್ನ ಗುಲ್ಮ (ಸೋಂಕು ತಡೆಯಲು ನೆರವಾಗುವ ಅಂಗ, ಸ್ಪ್ಲೀನ್) ತೆಗೆದಿದ್ದಾರೆ. ಅಂಥವರು ಜ್ವರ ಬಂದರೆ ಕಾಯುವ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಕ್ಕ ಹತ್ತಿರದ ಆಸ್ಪತ್ರೆಯನ್ನು ಮೊದಲೇ ನೋಡಿಟ್ಟಿದ್ದಳು. ಅಮ್ಮ ಮಾತ್ರ ನಾನು ದಾಬಸ್‌ಪೇಟೆ ದಾಟುವವರೆಗೂ ಫೋನಿನಲ್ಲಿ “ಮಾತ್ರೆ ಇಟ್ಕೊಂಡ್ಯಾ?” ಅನ್ನುತ್ತಲೇ ಇದ್ದರು.