ಲ್ಯಾಪ್‌ಟಾಪ್ ಬಿಟ್ಟು ಟ್ಯಾಬ್ಲೆಟ್ ಹಿಡಿದೆ: ಕರಡು ತಿದ್ದುವವಳ ಮೂರು ವರ್ಷದ ಅನುಭವ

ಸಾಗರದ ನಮ್ಮ ಮನೆಯ ಒಂದು ಕೋಣೆಯೇ ನನ್ನ ಆಫೀಸು. ಕರಡು ತಿದ್ದುವುದು ಮುಖ್ಯ ಕೆಲಸ. ನಡುನಡುವೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ. ಪುಸ್ತಕ ಕೊಡುವ ಪ್ರಕಾಶಕರು ಬೆಂಗಳೂರಿನಲ್ಲಿದ್ದಾರೆ, ಹಾಗಾಗಿ ತಿಂಗಳಿಗೆ ಒಂದೆರಡು ಸಲ ಓಡಾಟ ತಪ್ಪಿದ್ದಲ್ಲ. ಮೂರು ವರ್ಷದ ಹಿಂದೆ ನನ್ನ 15.6 ಇಂಚಿನ ಲ್ಯಾಪ್‌ಟಾಪಿನ ಹಿಂಜ್ ಒಂದು ಕಡೆ ಕಿತ್ತು ಬಂತು. ಅದರ ತೂಕವೇ 2.2 ಕೆಜಿ. ಚಾರ್ಜರ್ ಬೇರೆ, ಪ್ರೂಫ್ ಕಾಗದದ ಕಟ್ಟು ಬೇರೆ. ಬ್ಯಾಗು ಹೊತ್ತು ಹೊತ್ತು ಭುಜ ಹಿಡಿದುಕೊಂಡಿತ್ತು. ರಿಪೇರಿಗೆ ದುಡ್ಡು ಹಾಕುವ ಬದಲು ಕೀಬೋರ್ಡ್ ಬಿಚ್ಚಿ ತೆಗೆಯುವ ಟ್ಯಾಬ್ಲೆಟ್ ತಗೊಂಡು, ಇನ್ನು ಮೇಲೆ ಎಲ್ಲ ಕೆಲಸ ಅದರಲ್ಲೇ ಮಾಡುವುದು ಅಂತ ತೀರ್ಮಾನಿಸಿದೆ.

ಯಾವುದು ತಗೊಳ್ಳಬೇಕು ಅನ್ನುವುದನ್ನು ನನ್ನ ಇಷ್ಟಕ್ಕಿಂತ ಜಾಸ್ತಿ ಕನ್ನಡದ ಫೈಲುಗಳೇ ನಿರ್ಧರಿಸಿದವು. ಐಪ್ಯಾಡ್ ಕೈಯಲ್ಲಿ ಹಿಡಿದು ನೋಡಿದ್ದೆ, ಚೆನ್ನಾಗಿಯೇ ಇತ್ತು. ಆದರೆ ನನಗೆ ಬರುವ ಹಸ್ತಪ್ರತಿಗಳಲ್ಲಿ ಅರ್ಧದಷ್ಟು ಇನ್ನೂ ಯೂನಿಕೋಡ್ (ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ತೆರೆಯುವ ಈಗಿನ ಸಂಕೇತ ಪದ್ಧತಿ) ಅಲ್ಲ. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟಿನಲ್ಲಿ, ಟೈಪ್ ಮಾಡಿದ ವರ್ಡ್ ಫೈಲುಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ಟೊಪ್ಪಿ, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪುಟ ಕಟ್ಟುವ ಎಷ್ಟೋ ಮಂದಿ ಇವತ್ತಿಗೂ ಪೇಜ್‌ಮೇಕರ್ 7 ಬಳಸುತ್ತಾರೆ. ಅದು 2001ರ ತಂತ್ರಾಂಶ, ಯೂನಿಕೋಡ್ ಕನ್ನಡ ಅದಕ್ಕೆ ಬರುವುದಿಲ್ಲ. ಅಲ್ಲಿಗೆ ಹೋಗುವ ಫೈಲು ಮತ್ತೆ ಆಸ್ಕಿಗೇ ಇಳಿಯಬೇಕು. ಈ ಕಡೆಯಿಂದ ಆ ಕಡೆಗೆ ಬದಲಾಯಿಸುವ ಕೆಲಸಕ್ಕೆ ವಿಂಡೋಸ್ ಬೇಕೇ ಬೇಕಿತ್ತು.

ಹಾಗಾಗಿ 10.5 ಇಂಚಿನ ಒಂದು ವಿಂಡೋಸ್ ಟ್ಯಾಬ್ಲೆಟ್ ತಗೊಂಡೆ. 8 ಜಿಬಿ ರ್‍ಯಾಮ್, 128 ಜಿಬಿ ಸ್ಟೋರೇಜ್, ಹಿಂದೆ ಮಡಚುವ ಸ್ಟ್ಯಾಂಡ್. ಕೀಬೋರ್ಡು, ಪೆನ್ನು ಎರಡನ್ನೂ ಬೇರೆಯಾಗಿ ಕೊಳ್ಳಬೇಕಾಯಿತು. ಇವೆರಡಕ್ಕೇ ಟ್ಯಾಬ್ಲೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದುಡ್ಡು ಹೋಯಿತು. ಜಾಹೀರಾತಿನಲ್ಲಿ ಕಾಣುವ ಬೆಲೆ ಬರೀ ಹಲಗೆಯದು, ಅಂದರೆ ಕೀಬೋರ್ಡು, ಪೆನ್ನು ಇಲ್ಲದ ಟ್ಯಾಬ್ಲೆಟ್ಟಿನದು ಅನ್ನುವುದನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ತಂದ ದಿನ ನುಡಿ ಹಾಕಲು ಹೋದರೆ ಇನ್‌ಸ್ಟಾಲ್ ಆಗಲಿಲ್ಲ. ಮೆಷಿನ್ 'ಎಸ್ ಮೋಡ್'ನಲ್ಲಿತ್ತು. ಆ ಮೋಡಿನಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್‌ಗಳು ಮಾತ್ರ ಕೂರುತ್ತವೆ. ಅದರಿಂದ ಹೊರಗೆ ಬರಲು ದುಡ್ಡೇನೂ ಕೊಡಬೇಕಿಲ್ಲ, ಆದರೆ ಒಮ್ಮೆ ಬಂದರೆ ಮತ್ತೆ ಹಿಂದಕ್ಕೆ ಹೋಗುವ ಹಾಗಿಲ್ಲ. ನನಗೆ ಹಿಂದಕ್ಕೆ ಹೋಗುವ ಅಗತ್ಯವೂ ಇರಲಿಲ್ಲ.

ಮೊದಲ ವಾರ ಪೂರ್ತಿ ಕೀಬೋರ್ಡಿನ ಜತೆ ಹೊಂದಿಕೊಳ್ಳುವುದರಲ್ಲಿ ಹೋಯಿತು. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ, ನುಡಿಯಲ್ಲಿರುವುದೂ ಅದೇ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ಎಫ್ ಇಲ್ಲಿ ಒತ್ತಕ್ಷರ ಕೂಡಿಸುವ ಕೀಲಿ. ಕನ್ನಡದಲ್ಲಿ ಒತ್ತಿಲ್ಲದ ವಾಕ್ಯ ಸಿಗುವುದೇ ಅಪರೂಪ, ಅಲ್ವಾ? ದಿನವಿಡೀ ಎಡಗೈ ತೋರುಬೆರಳು ಅದೇ ಕೀಲಿಯನ್ನು ಬಡಿಯುತ್ತಿರುತ್ತದೆ. ಮಹಾಪ್ರಾಣ, ದೀರ್ಘ ಎಲ್ಲದಕ್ಕೂ ಶಿಫ್ಟ್ ಬೇಕು. ಈ ಪುಟ್ಟ ಕೀಬೋರ್ಡಿನಲ್ಲಿ ಕೀಲಿಗಳು ಒಂದಕ್ಕೊಂದು ಹತ್ತಿರ, ಒತ್ತಿದರೆ ಇಳಿಯುವುದೂ ಕಡಿಮೆ. ಬೆರಳು ಎಫ್ ಬದಲು ಜಿ ಮೇಲೆ ಬಿದ್ದು 'ಕನ್ನಡ' ಹೋಗಿ 'ಕನಗನಡ' ಆಗುತ್ತಿತ್ತು. ಹತ್ತು ದಿನಕ್ಕೆ ಕೈ ಕೂತಿತು. ಆದರೆ ಒಂದೇ ಸಮ ಎರಡು ಗಂಟೆ ಟೈಪ್ ಮಾಡಿದರೆ ಮಣಿಕಟ್ಟು ನೋಯುವುದು ಮೂರು ವರ್ಷ ಆದರೂ ನಿಂತಿಲ್ಲ.

ತೊಡೆಯ ಮೇಲೆ ಇಟ್ಟುಕೊಂಡು ಬರೆಯುವ ಆಸೆಯನ್ನು ಬೇಗ ಬಿಟ್ಟೆ. ಲ್ಯಾಪ್‌ಟಾಪಿನ ಭಾರ ಇರುವುದು ಕೀಬೋರ್ಡಿನ ಕಡೆ, ಹಾಗಾಗಿ ಅದು ತೊಡೆಯ ಮೇಲೆ ಕೂರುತ್ತದೆ. ಇಲ್ಲಿ ಭಾರವೆಲ್ಲ ಪರದೆಯಲ್ಲಿ. ಸ್ಟ್ಯಾಂಡಿನ ತೆಳ್ಳಗಿನ ಅಂಚು ತೊಡೆಗೆ ಒತ್ತುತ್ತದೆ, ಕಾಲು ಸ್ವಲ್ಪ ಅಲುಗಿದರೆ ಇಡೀ ಹಲಗೆ ಹಿಂದಕ್ಕೆ ಮಗುಚುತ್ತದೆ. ಶಿವಮೊಗ್ಗದಿಂದ ಹೋಗುವ ಜನಶತಾಬ್ದಿಯ ಚೇರ್ ಕಾರ್‌ನಲ್ಲಿ ಮುಂದಿನ ಸೀಟಿನ ಬೆನ್ನಿಗೆ ಮಡಚುವ ಟ್ರೇ ಇರುತ್ತದಲ್ಲ, ಅದರ ಮೇಲೂ ಇಟ್ಟು ನೋಡಿದೆ. ಮುಂದೆ ಕೀಬೋರ್ಡು, ನಡುವೆ ಪರದೆ, ಹಿಂದೆ ಚಾಚಿದ ಸ್ಟ್ಯಾಂಡು. ಮೂರೂ ಸೇರಿದರೆ ಲ್ಯಾಪ್‌ಟಾಪಿಗಿಂತ ಜಾಸ್ತಿ ಜಾಗ ಬೇಕು. ಕೀಬೋರ್ಡಿನ ತುದಿ ಹೊಟ್ಟೆಗೆ ತಾಗುತ್ತಿತ್ತು. ಅರಸೀಕೆರೆ ಬರುವಷ್ಟರಲ್ಲಿ ಬೇಸತ್ತು ಕೀಬೋರ್ಡನ್ನು ಬಿಚ್ಚಿ ಬ್ಯಾಗಿಗೆ ಹಾಕಿದೆ.

ಹಾಗೆ ಬಿಚ್ಚಿದ ಮೇಲೇ ನನಗೆ ಈ ಸಾಧನದ ನಿಜವಾದ ಉಪಯೋಗ ಕಂಡಿದ್ದು. ಬರೀ ಹಲಗೆಯನ್ನು ಲಂಬವಾಗಿ ತಿರುಗಿಸಿ ಒಂದು ಕಾದಂಬರಿಯ ಪ್ರೂಫ್ ಪಿಡಿಎಫ್ ತೆರೆದೆ. ಪುಟ ಪೂರ್ತಿ ಪರದೆ ತುಂಬಿ ನಿಂತಿತು. ಮನೆಗೆ ಬಂದು ಸ್ಕೇಲ್ ಇಟ್ಟು ಅಳೆದೆ. 3:2 ಅನುಪಾತದ 10.5 ಇಂಚಿನ ಪರದೆ ಅಂದರೆ 5.8 ಇಂಚು ಅಗಲ, 8.7 ಇಂಚು ಎತ್ತರ. ಕನ್ನಡದ ಹೆಚ್ಚಿನ ಪುಸ್ತಕಗಳು ಅಚ್ಚಾಗುವುದು ಡೆಮಿ 1/8 ಆಕಾರದಲ್ಲಿ, ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಓದುಗರ ಕೈಗೆ ಹೋಗುವ ಪುಟ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ, ಒಂದಿಷ್ಟೂ ಸರಿಸುವ ಕೆಲಸವಿಲ್ಲದೆ, ನನ್ನ ಕೈಯಲ್ಲಿತ್ತು. ನನ್ನ 15.6 ಇಂಚಿನ ಲ್ಯಾಪ್‌ಟಾಪಿನ ಪರದೆ ಅಗಲ 13.6 ಇಂಚು ಇದ್ದರೂ ಎತ್ತರ ಬರೀ 7.6 ಇಂಚು. ಅದರಲ್ಲಿ ಡೆಮಿ ಪುಟವನ್ನು ನಿಜವಾದ ಗಾತ್ರದಲ್ಲಿ ಪೂರ್ತಿ ನೋಡಲು ಆಗುವುದೇ ಇಲ್ಲ. ಮೇಲೆ ಓದಿ, ಕೆಳಗೆ ಸರಿಸಿ, ಮತ್ತೆ ಮೇಲೆ ಹೋಗಬೇಕು. ಒಂದು ಸಾಲು ತಪ್ಪಿಹೋಗುವುದು ಇಂಥ ಹೊತ್ತಿನಲ್ಲೇ.

ಇದು ಕಣ್ಣಿಗೆ ಆರಾಮ ಅನ್ನುವಷ್ಟಕ್ಕೇ ಮುಗಿಯುವ ವಿಷಯ ಅಲ್ಲ. ಆಸ್ಕಿ ಫಾಂಟಿನ ಪಿಡಿಎಫ್‌ನಲ್ಲಿ ಕನ್ನಡ ಪದ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ. ಫೈಲು ಆ ಕಡೆಯಿಂದ ಈ ಕಡೆಗೆ ಬದಲಾಗುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಹಾಗೆ 'ರ್' ಮೊದಲು ಬರಬೇಕು. ಬದಲಾಯಿಸುವ ತಂತ್ರಾಂಶ ಎಡವಿದರೆ 'ಸೂರ್ಯ' ಹೋಗಿ 'ಸೂಯರ್' ಆಗುತ್ತದೆ, 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ. ಆಹ್ವಾನ ಪತ್ರಿಕೆಗಳಲ್ಲಿ ನೀವೂ ನೋಡಿರುತ್ತೀರಿ. ಇಂಥವನ್ನು ಕಣ್ಣಿಂದಲೇ ಹೆಕ್ಕಬೇಕು, ಕೈಯಿಂದಲೇ ಗುರುತು ಹಾಕಬೇಕು. ಕೆಂಪು ಶಾಯಿ ಆರಿಸಿಕೊಂಡು ಪೆನ್ನಿನಿಂದ 'ಯರ್'ಗೆ ಒಂದು ಸುತ್ತು ಹಾಕಿ ಅಂಚಿನಲ್ಲಿ 'ರ್ಯ' ಅಂತ ಬರೆದರೆ ಮುಗಿಯಿತು. ಅಂಗೈ ಗಾಜಿನ ಮೇಲೆ ಊರಿದರೂ ಗೆರೆ ಬೀಳುವುದಿಲ್ಲ, ಪೆನ್ನಿನ ತುದಿ ಮುಟ್ಟಿದ ಕಡೆ ಮಾತ್ರ ಬೀಳುತ್ತದೆ. ಇಪ್ಪತ್ತು ವರ್ಷ ಕಾಗದದ ಮೇಲೆ ಮಾಡಿದ್ದನ್ನೇ ಗಾಜಿನ ಮೇಲೆ ಮಾಡುತ್ತಿದ್ದೇನೆ, ಕೈಗೆ ಬೇರೆ ಪಾಠ ಬೇಕಾಗಲಿಲ್ಲ.

ಲ್ಯಾಪ್‌ಟಾಪ್ ಬಿಡಬೇಕು ಅಂತ ತಂದ ಟ್ಯಾಬ್ಲೆಟ್ಟು ನನಗೆ ಬಿಡಿಸಿದ್ದು ಪ್ರೂಫ್ ಕಾಗದದ ಕಟ್ಟನ್ನು. ಮೊದಲು ಒಂದು ಪುಸ್ತಕಕ್ಕೆ ಮೂರು ಪ್ರೂಫ್, ಪ್ರತಿ ಸಲ ಇನ್ನೂರು ಮುನ್ನೂರು ಹಾಳೆ, ಕೊರಿಯರ್, ಎರಡು ದಿನ ಕಾಯುವುದು. ಅದೆಲ್ಲ ನಿಂತುಹೋಯಿತು. ಹಿಂಜ್ ಮುರಿಯದೆ ಇದ್ದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಶುರುವಿನಲ್ಲಿ ಒಂದು ಎಡವಟ್ಟು ಆಯಿತು. ಮೊದಲ ಮೂರು ಫಾರಂ, ಅಂದರೆ 48 ಪುಟ, ತಿದ್ದಿ ಮೇಲ್ ಮಾಡಿದ್ದೆ. ಪುಟ ಕಟ್ಟುವ ಹುಡುಗ ಫೋನ್ ಮಾಡಿದ.

"ಮೇಡಂ, ಈ ಸಲ ಒಂದೂ ತಪ್ಪಿಲ್ವಾ?"

"ಒಂದೂ ತಪ್ಪಿಲ್ವಾ ಅಂದ್ರೆ? ಪುಟಕ್ಕೆ ಹತ್ತು ಗುರುತು ಹಾಕಿದೀನಲ್ಲಪ್ಪ!"

"ಪ್ರಿಂಟ್ ತೆಗೆದಿದೀನಿ ಮೇಡಂ, ಎಲ್ಲ ಕ್ಲೀನ್ ಇದೆ."

ಎದೆ ಧಸಕ್ ಅಂದಿತು. ಇನ್ನೊಬ್ಬರಾಗಿದ್ದರೆ ಕೇಳದೆ ಅಚ್ಚಿಗೆ ಕೊಟ್ಟುಬಿಡುತ್ತಿದ್ದರೇನೋ. ಪೆನ್ನಿನ ಗುರುತುಗಳು ಪಿಡಿಎಫ್‌ನಲ್ಲಿ ಪುಟದ ಮೇಲೆ ಬೇರೆಯೇ ಪದರವಾಗಿ ಕೂರುತ್ತವೆ. ಅಡೋಬಿ ರೀಡರಿನ ಪ್ರಿಂಟ್ ಕಿಟಕಿಯಲ್ಲಿ ಬರೀ 'ಡಾಕ್ಯುಮೆಂಟ್' ಅಂತ ಇದ್ದರೆ ಅವು ಕಾಗದಕ್ಕೆ ಬರುವುದಿಲ್ಲ. 'ಡಾಕ್ಯುಮೆಂಟ್ ಅಂಡ್ ಮಾರ್ಕಪ್ಸ್' ಅಂತ ಆರಿಸಬೇಕು. ಈಗ ನಾನೇ ತಿದ್ದಿದ ಫೈಲನ್ನು 'ಪ್ರಿಂಟ್ ಟು ಪಿಡಿಎಫ್' ಕೊಟ್ಟು, ಗುರುತುಗಳು ಪುಟಕ್ಕೆ ಅಂಟಿಕೊಂಡಿರುವ ಪ್ರತಿಯನ್ನೇ ಕಳಿಸುತ್ತೇನೆ. ಕಳಿಸುವ ಮೊದಲು ಫೋನಿನಲ್ಲಿ ಒಮ್ಮೆ ತೆರೆದು ನೋಡುತ್ತೇನೆ. ಮೊದಲ ಪುಟದ ಮೇಲೆ ಒಟ್ಟು ಎಷ್ಟು ಗುರುತು ಇವೆ ಅಂತಲೂ ಬರೆದಿರುತ್ತೇನೆ. ಅಂದು ಫೋನ್ ಮಾಡಿ ಕೇಳಿದ ಆ ಹುಡುಗನಿಗೆ ನಾನು ಇವತ್ತಿಗೂ ಋಣಿ.

ಅನುವಾದದ ಕತೆಯೇ ಬೇರೆ. ಅದಕ್ಕೆ ಒಂದು ಕಡೆ ಮೂಲ, ಇನ್ನೊಂದು ಕಡೆ ಕನ್ನಡ, ಜತೆಗೆ ನಿಘಂಟು ತೆರೆದಿರಬೇಕು. 10.5 ಇಂಚಿನ ಪರದೆಯನ್ನು ಎರಡು ಭಾಗ ಮಾಡಿದರೆ ಒಂದೊಂದಕ್ಕೂ ನಾಲ್ಕು ಇಂಚು ಚಿಲ್ಲರೆ ಅಗಲ ಸಿಗುತ್ತದೆ. ಕನ್ನಡದ ಸಾಲಿಗೆ ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಅಕ್ಷರ ತೀರಾ ಸಣ್ಣ ಮಾಡಿದರೆ ಓದಲು ಆಗುವುದಿಲ್ಲ. ದೊಡ್ಡ ಮಾಡಿದರೆ ಸಾಲಿಗೆ ನಾಲ್ಕೈದು ಪದ. ವಾಕ್ಯದ ಲಯ ನೋಡಬೇಕಾದರೆ ವಾಕ್ಯ ಕಣ್ಣಿಗೆ ಬೀಳಬೇಕಲ್ಲ! ಆರು ತಿಂಗಳು ಹೀಗೇ ಒದ್ದಾಡಿದೆ. ಆಮೇಲೆ ಒಂದು ಯುಎಸ್‌ಬಿ-ಸಿ ಹಬ್ ತಂದು, ಮನೆಯಲ್ಲಿದ್ದ 22 ಇಂಚಿನ ಮಾನಿಟರ್ ಮತ್ತು ಮಾಮೂಲಿ ಕೀಬೋರ್ಡನ್ನು ಸೇರಿಸಿದೆ. ಕೋಣೆಗೆ ಬಂದು ಒಂದೇ ಕೇಬಲ್ ಚುಚ್ಚಿದರೆ ಟ್ಯಾಬ್ಲೆಟ್ಟೇ ಡೆಸ್ಕ್‌ಟಾಪ್ ಆಗುತ್ತದೆ. ಹೀಗೆ ಎರಡು ಪುಸ್ತಕದ ಅನುವಾದ ಮುಗಿಸಿದ್ದೇನೆ. ಹಾಗಂತ ಆ ಕೆಲಸ ಟ್ಯಾಬ್ಲೆಟ್ಟಿನಲ್ಲೇ ಆಯಿತು ಅಂದರೆ ಅರ್ಧ ನಿಜ ಅಷ್ಟೆ. ಮಾನಿಟರ್ ಇಲ್ಲದಿದ್ದರೆ ಆಗುತ್ತಿರಲಿಲ್ಲ.

ಮಲೆನಾಡಿನವರಿಗೆ ಮಾತ್ರ ಅರ್ಥವಾಗುವ ಒಂದು ಲಾಭ ಇದೆ. ನಮ್ಮಲ್ಲಿ ಆಷಾಢದ ಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳಲಾಗದು. ನನ್ನ ಹಳೆಯ ಲ್ಯಾಪ್‌ಟಾಪ್ ದಪ್ಪ ಪಿನ್ನಿನ ಚಾರ್ಜರಿಗೆ ಮಾತ್ರ ಒಗ್ಗುತ್ತಿತ್ತು. ಟ್ಯಾಬ್ಲೆಟ್ ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುತ್ತದೆ, ಪವರ್ ಬ್ಯಾಂಕಿನಿಂದಲೂ. ಆದರೆ ಸುಮ್ನೆ ಯಾವುದೋ ಪವರ್ ಬ್ಯಾಂಕ್ ಸಾಲದು, 'ಪವರ್ ಡೆಲಿವರಿ' ಇರುವುದೇ, ಅಂದರೆ ಹೆಚ್ಚು ವೋಲ್ಟ್ ಕೊಡಬಲ್ಲದ್ದೇ ಬೇಕು. ಬರೀ 5 ವೋಲ್ಟ್ ಕೊಡುವ ಹಳೆಯದನ್ನು ಚುಚ್ಚಿದೆ, ನನ್ನದು ಅದನ್ನು ಒಪ್ಪಲೇ ಇಲ್ಲ. ಕಳೆದ ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದೆ ಐದು ಫಾರಂ ತಿದ್ದಿ ಮುಗಿಸಿದೆ.

ಪೆನ್ನಿಗೆ 'ನಾಲ್ಕು ಎ' (AAAA) ಸೆಲ್ ಬೇಕು, ಗಡಿಯಾರಕ್ಕೆ ಹಾಕುವುದಕ್ಕಿಂತ ಸಪೂರ ಇರುತ್ತದೆ. ನಮ್ಮೂರಿನ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಆನ್‌ಲೈನಿನಲ್ಲಿ ನಾಲ್ಕು ತರಿಸಿ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ವಯಸ್ಸಾಗುವುದರಲ್ಲಿ ಮಾತ್ರ ಲ್ಯಾಪ್‌ಟಾಪೇ ಮೇಲು, ಇದನ್ನು ನಾನು ಖಚಿತವಾಗಿ ಹೇಳುತ್ತೇನೆ. ಹೊಸದರಲ್ಲಿ ಟ್ಯಾಬ್ಲೆಟ್ ಎಂಟು ಗಂಟೆ ಬರುತ್ತಿತ್ತು, ಈಗ ನಾಲ್ಕೂವರೆಗೆ ಇಳಿದಿದೆ. ಬ್ಯಾಟರಿ ಒಳಗೆ ಅಂಟಿಸಿಟ್ಟಿರುತ್ತಾರೆ, ಅದನ್ನು ತಲುಪಲು ಗಾಜನ್ನೇ ಬಿಸಿ ಮಾಡಿ ಎಬ್ಬಿಸಬೇಕು. ರಿಪೇರಿಯವರು ಗಾಜು ಒಡೆದರೆ ಜವಾಬ್ದಾರಿ ನಮ್ಮದಲ್ಲ ಅಂದರು. ರ್‍ಯಾಮ್ ಬೋರ್ಡಿಗೇ ಬೆಸೆದಿದೆ, 8 ಜಿಬಿ ಅಂದರೆ ಕೊನೆಯವರೆಗೂ 8 ಜಿಬಿಯೇ. ಆ ಹಿಂಜ್ ಮುರಿದ ಲ್ಯಾಪ್‌ಟಾಪನ್ನು ಕಳೆದ ವರ್ಷ ಅಟ್ಟದಿಂದ ಇಳಿಸಿ ಶಿವಮೊಗ್ಗಕ್ಕೆ ಒಯ್ದೆ. ಹಿಂಜ್ ಬದಲಾಯಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಏರಿಸಿ ಒಂದೇ ಮಧ್ಯಾಹ್ನದಲ್ಲಿ ಕೊಟ್ಟರು. ಹೊಸದರ ಹಾಗೆ ಓಡುತ್ತಿದೆ. ಅನುವಾದ ಈಗ ಮತ್ತೆ ಅದರಲ್ಲೇ.

ಅಣ್ಣನ ಮಗಳು ಬಿ.ಕಾಂ ಸೇರಿದಾಗ "ಅತ್ತೆ, ನಿನ್ನ ಥರದ್ದೇ ತಗೊಳ್ಳಲಾ?" ಅಂತ ಕೇಳಿದಳು. ಬೇಡ ಅಂದೆ. ಅವಳಿಗೆ ಎಕ್ಸೆಲ್, ಟ್ಯಾಲಿ ಕಲಿಯಬೇಕು, ಹಾಸ್ಟೆಲಿನ ಮಂಚದ ಮೇಲೆ ಕೂತು ಟೈಪ್ ಮಾಡಬೇಕು. ಅಲ್ಲಿ ಸ್ಟ್ಯಾಂಡು ನಿಲ್ಲುವುದಿಲ್ಲ. ಅದೇ ದುಡ್ಡಿಗೆ 14 ಇಂಚಿನ ಲ್ಯಾಪ್‌ಟಾಪ್ ಕೊಡಿಸಿದೆವು. ಆದರೆ ಉತ್ತರ ಪತ್ರಿಕೆ, ಪ್ರಬಂಧ ತಿದ್ದುವ ನನ್ನ ಉಪನ್ಯಾಸಕಿ ಗೆಳತಿಗೆ ಟ್ಯಾಬ್ಲೆಟ್ಟೇ ತಗೋ ಅಂದೆ. ಅವಳದು ನನ್ನ ಹಾಗೇ ಓದುವ, ಗೀಚುವ ಕೆಲಸ. ಹೊಸದಾಗಿ ಕೊಳ್ಳುವವರು ಪ್ರೊಸೆಸರ್ ಯಾವುದು ಅಂತಲೂ ಕೇಳಿ. 2024ರಿಂದ ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಹೊಸ ವಿಂಡೋಸ್ ಟ್ಯಾಬ್ಲೆಟ್‌ಗಳು ಬಂದಿವೆ. ಹಳೆಯ ತಂತ್ರಾಂಶಗಳಲ್ಲಿ ಹೆಚ್ಚಿನವು ಅವುಗಳಲ್ಲಿ ಓಡುತ್ತವೆ, ಆದರೆ ಪ್ರಿಂಟರಿನಂಥ ಸಾಧನಗಳನ್ನು ನಡೆಸುವ ಡ್ರೈವರ್‌ಗಳು ಆ ಚಿಪ್ಪಿಗೆಂದೇ ಮಾಡಿದವು ಆಗಿರಬೇಕು. ನಿಮ್ಮ ಹಳೆಯ ಪ್ರಿಂಟರಿಗೆ, ಫಾಂಟ್ ತಂತ್ರಾಂಶದ ಡಾಂಗಲ್‌ಗೆ (ತಂತ್ರಾಂಶ ಓಡಲು ಚುಚ್ಚಬೇಕಾದ ಪುಟ್ಟ ಸಾಧನ) ಅಂಥ ಡ್ರೈವರ್ ಇದೆಯಾ ಅಂತ ಮೊದಲೇ ವಿಚಾರಿಸಿ.

ನಾಳೆ ಬೆಳಿಗ್ಗೆ ಮತ್ತೆ ಬೆಂಗಳೂರು. ಬ್ಯಾಗಿನಲ್ಲಿ ಟ್ಯಾಬ್ಲೆಟ್, ಪೆನ್ನು, ಒಂದು ಪವರ್ ಬ್ಯಾಂಕ್. ಕೀಬೋರ್ಡು ಮೇಜಿನ ಮೇಲೇ ಇದೆ, ಅದನ್ನು ಒಯ್ಯುವುದನ್ನು ಬಿಟ್ಟು ವರ್ಷವಾಯಿತು. 14 ಫಾರಂನ ಕಾದಂಬರಿಯ ಎರಡನೇ ಪ್ರೂಫ್ ಬಂದಿದೆ, ಅರಸೀಕೆರೆಯೊಳಗೆ ಮೊದಲ ಎರಡು ಫಾರಂ ಮುಗಿಸಬೇಕು.