ತೂಕ ಇಳಿಸುವ ಆಪರೇಷನ್: ನಿಮ್ಮ ಮೈಗೆ ಹೊಂದುವುದು ಯಾವುದು?

ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡುವವರ ಮಾತಿನಲ್ಲಿ ಈಗ ಈ ವಿಷಯವೂ ಸೇರಿಕೊಂಡಿದೆ. "ನಮ್ ಸೋದರತ್ತೆ ಮಗಳು ಬೆಂಗಳೂರಾಗೆ ಸ್ಲೀವ್ ಮಾಡಿಸ್ಕೊಂಡ್ಳು ಕಣ್ರೀ, ಒಂದೇ ವರ್ಷಕ್ಕೆ ಹೆಂಗ್ ಇಳಿದ್ಲು ಅಂತೀರಿ!" ಕೇಳಿಸಿಕೊಂಡವರು ಮನೆಗೆ ಹೋಗಿ ಮೊಬೈಲ್ ಹಿಡಿಯುತ್ತಾರೆ. ಸ್ಲೀವ್, ಬೈಪಾಸ್, ಮಿನಿ ಬೈಪಾಸ್, ಬಲೂನ್... ಅರ್ಧ ಗಂಟೆಯಲ್ಲಿ ತಲೆ ಚಿಟ್ಟು ಹಿಡಿಯುತ್ತದೆ.

ಆಪರೇಷನ್ ಹೆಸರಿನಿಂದ ಶುರು ಮಾಡಿದರೆ ಹೀಗೇ ಆಗುವುದು. ನಿಮ್ಮ ಮೈಯಿಂದ ಶುರು ಮಾಡಿ. ನಿಮಗೆ ಹುಳಿತೇಗು ಇದೆಯಾ, ಶುಗರ್ ಎಷ್ಟು ವರ್ಷದಿಂದ ಇದೆ, ಜೀವನಪೂರ್ತಿ ಮಾತ್ರೆ ತಪ್ಪದೆ ನುಂಗುವ ಸ್ವಭಾವವಾ? ಇವಕ್ಕೆ ಉತ್ತರ ಸಿಕ್ಕರೆ ಇರುವ ಆಯ್ಕೆಗಳಲ್ಲಿ ಅರ್ಧ ತಾವಾಗಿಯೇ ಬಿದ್ದುಹೋಗುತ್ತವೆ.

ಮೊದಲು ಲೆಕ್ಕ ಹಾಕಿ

ನಿಮ್ಮ ತೂಕವನ್ನು ಕೆಜಿಯಲ್ಲಿ, ಎತ್ತರವನ್ನು ಮೀಟರ್‌ನಲ್ಲಿ ಬರೆದುಕೊಳ್ಳಿ. ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ. 1.60 ಮೀಟರ್ ಎತ್ತರ, 105 ಕೆಜಿ ತೂಕ ಇರುವವರಿಗೆ 41 ಬರುತ್ತದೆ. ಇದೇ ಬಿಎಂಐ.

1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮ ಬಹಳ ಕಾಲ ನಡೆಯಿತು. ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ಶುಗರ್, ಬಿಪಿಯಂಥ ಕಾಯಿಲೆ ಇರಬೇಕು ಅಂತ. 2022ರಲ್ಲಿ ಈ ಕ್ಷೇತ್ರದ ಸರ್ಜನ್‌ಗಳ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಸಂಘಟನೆಗಳು ಇದನ್ನು ಬದಲಿಸಿದವು. ಈಗ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಪರಿಗಣಿಸಬಹುದು. ನಾವು ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಶುಗರ್ ಬರುವುದರಿಂದ ಆ ಗೆರೆಯನ್ನು 27.5ಕ್ಕೆ ಇಳಿಸಿದ್ದಾರೆ. ಇದು ಅವಕಾಶ ಅಷ್ಟೇ. 28 ಬಂತೆಂದು ಯಾರಾದರೂ ನೇರ ಆಪರೇಷನ್ ದಿನಾಂಕ ಕೊಟ್ಟರೆ, ಅಲ್ಲಿಂದ ಎದ್ದು ಬಂದು ಇನ್ನೊಬ್ಬ ವೈದ್ಯರನ್ನು ಕಾಣುವುದು ಒಳ್ಳೆಯದು.

ಇನ್ನೊಂದು ಮಾತು. ಲಿಪೊಸಕ್ಷನ್ ಬೇರೆ, ಇದು ಬೇರೆ. ಅದರಲ್ಲಿ ಚರ್ಮದ ಕೆಳಗಿನ ಕೊಬ್ಬು ತೆಗೆಯುತ್ತಾರೆ. ಶುಗರ್ ಆಗಲಿ, ಹಸಿವಾಗಲಿ ಅದರಿಂದ ಕಡಿಮೆಯಾಗುವುದಿಲ್ಲ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ವೈದ್ಯರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಮನೆಯಲ್ಲೇ ಬರೆಯಿರಿ.

ಎದೆಯುರಿ ಮೊದಲು ಬರಲಿ. ರಾತ್ರಿ ಮಲಗಿದಾಗ ಹುಳಿನೀರು ಗಂಟಲಿಗೆ ಬಂದು ಎಚ್ಚರವಾಗುತ್ತದಾ? ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ಬೇಕೇ ಬೇಕಾ? ನಮ್ಮಲ್ಲಿ ಇದನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, "ಸ್ವಲ್ಪ ಗ್ಯಾಸ್ ಅಷ್ಟೇ" ಅಂದುಬಿಡುತ್ತಾರೆ. ಆದರೆ ಯಾವ ಆಪರೇಷನ್ ಎಂಬುದನ್ನು ತೀರ್ಮಾನಿಸುವುದರಲ್ಲಿ ಇದರಷ್ಟು ತೂಕ ಇನ್ನಾವುದಕ್ಕೂ ಇಲ್ಲ.

ಆಮೇಲೆ ಶುಗರ್. ಎಷ್ಟು ವರ್ಷ, ಮಾತ್ರೆಯಾ ಇನ್ಸುಲಿನ್ನಾ, ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಎಷ್ಟು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗುವ ನೋವಿನ ಮಾತ್ರೆಗಳನ್ನೂ ಬರೆಯಿರಿ. ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಯಾವುದನ್ನೂ ಮುಚ್ಚಿಡಬೇಡಿ. ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಕಿಡ್ನಿಯಲ್ಲಿ ಕಲ್ಲು ಬಂದಿದ್ದರೆ, ರಕ್ತ ಕಡಿಮೆ ಇದ್ದರೆ ಅದೂ ಇರಲಿ. ಮುಂದೆ ಮಗು ಬೇಕು ಅನ್ನುವ ಹೆಣ್ಣುಮಕ್ಕಳು ಅದನ್ನೂ ಬರೆಯಬೇಕು. ಯಾಕೆಂದರೆ ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು.

ಈಗ ಆಪರೇಷನ್‌ಗಳ ಕಡೆ ಬನ್ನಿ

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಭಾಗದಲ್ಲೇ. ಹಾಗಾಗಿ ಹೊಟ್ಟೆ ಬೇಗ ತುಂಬುವುದರ ಜೊತೆಗೆ ಹಸಿವೂ ತಗ್ಗುತ್ತದೆ. ಬೈಪಾಸ್‌ಗಿಂತ ಸರಳ, ಬೇಗ ಮುಗಿಯುತ್ತದೆ, ಜಗತ್ತಿನಲ್ಲಿ ಈಗ ಅತಿ ಹೆಚ್ಚು ನಡೆಯುವುದೂ ಇದೇ. ಆದರೆ ತೆಗೆದ ಜಠರ ಮತ್ತೆ ಬರುವುದಿಲ್ಲ. ಉಳಿದ ಕೊಳವೆಯೊಳಗೆ ಒತ್ತಡ ಜಾಸ್ತಿ ಇರುವುದರಿಂದ ಆಸಿಡ್ ಮೇಲಕ್ಕೆ ನುಗ್ಗುತ್ತದೆ. ಫಿನ್ಲೆಂಡಿನಲ್ಲಿ 240 ಜನರನ್ನು 10 ವರ್ಷ ಗಮನಿಸಿದ ಅಧ್ಯಯನವೊಂದಿದೆ. ಸ್ಲೀವ್ ಆದವರಲ್ಲಿ 31% ಜನರಿಗೆ ಅನ್ನನಾಳದಲ್ಲಿ ಆಸಿಡ್‌ನಿಂದ ಹುಣ್ಣು, ಉರಿಯೂತ ಕಂಡಿತು. ಬೈಪಾಸ್ ಆದವರಲ್ಲಿ 7% ಮಾತ್ರ. ಹಾಳೆಯಲ್ಲಿ ಎದೆಯುರಿಗೆ ಮೊದಲ ಜಾಗ ಕೊಟ್ಟಿದ್ದು ಇದಕ್ಕೇ.

ಬೈಪಾಸ್ ಎಂದರೆ ಹೃದಯದ ಬೈಪಾಸ್ ಅಲ್ಲ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಸಣ್ಣ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಆದರೆ ಊಟ ಅದರ ಕಡೆ ಹೋಗುವುದಿಲ್ಲ. ಎರಡು ಕಡೆ ಜೋಡಣೆ ಇರುತ್ತದೆ. ಆಸಿಡ್ ಮೇಲೆ ಬರುವ ಕಾಟ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ತೂಕವೂ ಹೆಚ್ಚು ಇಳಿಯುತ್ತದೆ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ 5 ವರ್ಷದ ನಂತರ ಬೈಪಾಸ್ ಆದವರು ಸರಾಸರಿ 25.5% ತೂಕ ಕಳೆದುಕೊಂಡಿದ್ದರು, ಸ್ಲೀವ್ ಆದವರು 18.8%. ನಮ್ಮ 105 ಕೆಜಿಯ ಲೆಕ್ಕಕ್ಕೆ ಇದು ಸುಮಾರು 27 ಮತ್ತು 20 ಕೆಜಿ. ಪಕ್ಕದ ಮನೆಯವರ ಒಂದು ವರ್ಷದ ಫೋಟೋ ನೋಡಿ ಲೆಕ್ಕ ಹಾಕಬೇಡಿ, ಈ 5 ವರ್ಷದ ಅಂಕಿ ನೋಡಿ.

ಬೈಪಾಸ್‌ಗೂ ಬೆಲೆ ತೆರಬೇಕು. ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮೈಗೆ ಸರಿಯಾಗಿ ಸೇರುವುದಿಲ್ಲ. ಸಿಹಿ ತಿಂದರೆ ಕೆಲವರಿಗೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಬರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದರೆ, ಅಥವಾ ಸಿಗರೇಟು ಸೇದಿದರೆ, ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಕೆಲವೊಮ್ಮೆ ಅದು ತೂತೂ ಆಗಬಹುದು. ಮಂಡಿನೋವಿಗೆ ದಿನಾ ಮಾತ್ರೆ ಬೇಕೇ ಬೇಕು ಅನ್ನುವವರು, ತಂಬಾಕು ಬಿಡಲಾರದವರು ಬೈಪಾಸ್ ಒಪ್ಪುವ ಮೊದಲು ತುಂಬಾ ಯೋಚಿಸಬೇಕು.

ಮಿನಿ ಬೈಪಾಸ್‌ನಲ್ಲಿ ಜಠರವನ್ನು ಉದ್ದ ಚೀಲವಾಗಿ ಮಾಡಿ ಒಂದೇ ಕಡೆ ಕರುಳಿಗೆ ಜೋಡಿಸುತ್ತಾರೆ. 1997ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ರಟ್ಲೆಜ್ ಶುರು ಮಾಡಿದ್ದು, ನಮ್ಮ ದೇಶದಲ್ಲಿ ಸಾಕಷ್ಟು ನಡೆಯುತ್ತದೆ. ಮಿನಿ ಅಂದ ಕೂಡಲೇ ಚಿಕ್ಕ ಆಪರೇಷನ್ ಅಂದುಕೊಳ್ಳಬೇಡಿ. ತೂಕಕ್ಕೂ ಶುಗರ್‌ಗೂ ಇದರ ಪರಿಣಾಮ ಜೋರಾಗಿಯೇ ಇದೆ. ಊಟ ಹೋಗದ ಕರುಳು ಉದ್ದವಾದಷ್ಟೂ ಪ್ರೋಟೀನ್ ಕೊರತೆಯ ಭಯ ಜಾಸ್ತಿ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು ಊಟ ಹೋಗದಂತೆ ಎಷ್ಟು ಉದ್ದದ ಕರುಳನ್ನು ಬದಿಗಿಡುತ್ತೀರಿ ಎಂದು ಸರ್ಜನ್‌ರನ್ನು ಕೇಳಲೇಬೇಕು. ಕರುಳಿನ ಪಿತ್ತರಸ ಜಠರದ ಈ ಉದ್ದ ಚೀಲದ ಕಡೆಗೆ ಹಿಮ್ಮುಖವಾಗಿ ಬರುವ ತೊಂದರೆಯೂ ಕೆಲವರಿಗೆ ಆಗುತ್ತದೆ. ಆಸಿಡ್ ಕಾಟ ತೀವ್ರವಾಗಿರುವವರಿಗೆ ಎರಡು ಜೋಡಣೆಯ ಹಳೆಯ ಬೈಪಾಸೇ ಮೇಲು.

ಬಲೂನ್ ಆಪರೇಷನ್ ಅಲ್ಲ. ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಜಠರದೊಳಗೆ ಇಟ್ಟು ಸಾಮಾನ್ಯವಾಗಿ 6 ತಿಂಗಳಿಗೆ ತೆಗೆಯುತ್ತಾರೆ, ತೆಗೆದ ಮೇಲೆ ತೂಕ ಮರಳುವುದೇ ಹೆಚ್ಚು. ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್ ಈಗ ಬಹುತೇಕ ನಿಂತಿದೆ. 2025ರಲ್ಲಿ ನಮ್ಮ ದೇಶಕ್ಕೆ ಬಂದ, ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳ ಬಗ್ಗೆಯೂ ಕೇಳಿ ತಿಳಿಯಿರಿ. ಬಿಎಂಐ ತೀರಾ ಹೆಚ್ಚಿಲ್ಲದವರು ಅದನ್ನು ಮೊದಲು ನೋಡಬಹುದು. ನಿಲ್ಲಿಸಿದರೆ ತೂಕ ವಾಪಸ್ ಬರುತ್ತದೆ ಎಂಬುದು ಗೊತ್ತಿರಲಿ.

ಶುಗರ್ ಇರುವವರಿಗೆ

ಆಪರೇಷನ್ ಆದರೆ ಶುಗರ್ ಹೋಗಿಯೇ ಬಿಡುತ್ತದೆ ಎಂಬ ಭರವಸೆ ಯಾರಾದರೂ ಕೊಟ್ಟರೆ ನಂಬಬೇಡಿ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಶುಗರ್ ಹತೋಟಿಗೆ ಬಾರದ 150 ಜನರನ್ನು ಮೂರು ಗುಂಪು ಮಾಡಿ ನೋಡಿದರು. 5 ವರ್ಷದ ಕೊನೆಗೆ ಮೂರು ತಿಂಗಳ ಸರಾಸರಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ 29%, ಸ್ಲೀವ್‌ನಲ್ಲಿ 23%, ಬರೀ ಔಷಧಿಯಲ್ಲಿ 5%. ಆಪರೇಷನ್ ಗೆದ್ದಿತು ನಿಜ, ಆದರೆ ಎಲ್ಲರಿಗೂ ಅಲ್ಲ. ಶುಗರ್ ಬಂದು ಕೆಲವೇ ವರ್ಷವಾಗಿದ್ದು ಇನ್ಸುಲಿನ್ ಇಲ್ಲದವರಿಗೆ ಫಲ ಹೆಚ್ಚು. ಬಹಳ ವರ್ಷದಿಂದ ಇನ್ಸುಲಿನ್ ಮೇಲಿರುವವರಿಗೆ ಡೋಸ್ ಇಳಿಯಬಹುದು, ಪೂರ್ತಿ ನಿಲ್ಲುವುದು ಕಷ್ಟ.

ನನ್ನ ಅಭಿಪ್ರಾಯ ಹೇಳುವುದಾದರೆ, ಹುಳಿತೇಗು ಇಲ್ಲದ, ವಯಸ್ಸು ಚಿಕ್ಕದಿರುವ, ನೋವಿನ ಮಾತ್ರೆ ಬಿಡಲಾಗದವರಿಗೆ ಸ್ಲೀವ್ ಸರಿ. ಎದೆಯುರಿಯೂ ಶುಗರ್ರೂ ಎರಡೂ ಜೋರಾಗಿದ್ದು, ತಂಬಾಕಿನ ಚಟ ಇಲ್ಲದವರು ಬೈಪಾಸ್ ಕಡೆ ನೋಡಬೇಕು.

ಎಂಡೋಸ್ಕೋಪಿ ಬಿಡಬೇಡಿ

ಅನ್ನನಾಳದ ಸ್ಥಿತಿ, ಹರ್ನಿಯಾ, ಹುಣ್ಣು, ಜಠರದಲ್ಲಿ ಹುಣ್ಣು ತರುವ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಸೋಂಕು ಎಲ್ಲವೂ ಅದರಲ್ಲಿ ತಿಳಿಯುತ್ತದೆ. ಬೈಪಾಸ್ ಆದ ಮೇಲೆ ಉಳಿದ ಜಠರವನ್ನು ಮಾಮೂಲಿ ಎಂಡೋಸ್ಕೋಪಿಯಲ್ಲಿ ನೋಡಲಾಗುವುದಿಲ್ಲ. ಹಾಗಾಗಿ ಮೊದಲೇ ನೋಡಿಕೊಳ್ಳಬೇಕು. ಥೈರಾಯ್ಡ್, ಹೊಟ್ಟೆಯ ಸ್ಕ್ಯಾನಿಂಗ್, ರಕ್ತದ ಅಂಶ, ವಿಟಮಿನ್‌ಗಳು, ಗೊರಕೆ ಇದ್ದವರಿಗೆ ನಿದ್ದೆಯ ಪರೀಕ್ಷೆ ಕೂಡ ಬೇಕು. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಎಂಡೋಸ್ಕೋಪಿ, ರಕ್ತ ಪರೀಕ್ಷೆಗಳಿಗೆ ಊರು ಬಿಡಬೇಕಿಲ್ಲ. ರಿಪೋರ್ಟ್‌ಗಳನ್ನು ಕೈಯಲ್ಲಿ ಹಿಡಿದೇ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದರೆ ಒಂದು ಓಡಾಟ ಉಳಿಯುತ್ತದೆ.

ಸರ್ಜನ್ ಎದುರು ಕೂತಾಗ ನೇರವಾಗಿ ಕೇಳಿ. ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ಸ್ಲೀವ್, ಬೈಪಾಸ್ ಎರಡೂ ಮಾಡುತ್ತೀರಾ? ಒಂದನ್ನೇ ಮಾಡುವವರು ಎಲ್ಲರಿಗೂ ಅದನ್ನೇ ಹೇಳುವ ಸಾಧ್ಯತೆ ಇದೆ. ಹೊಲಿಗೆಯ ಜಾಗ ಸೋರಿದರೆ ಏನು ಮಾಡುತ್ತೀರಿ? ಆಹಾರ ತಜ್ಞರು ಆಪರೇಷನ್ ಆದ ಮೇಲೂ ಸಿಗುತ್ತಾರಾ, ಫೋನಿನಲ್ಲಿ ಮಾತಾಡಬಹುದಾ? 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಪ್ರತಿ ಸಣ್ಣ ಸಂದೇಹಕ್ಕೂ ಹೋಗಲಾಗುವುದಿಲ್ಲ ಅಲ್ವಾ?

ವಿಮೆ ಇದ್ದವರು ಪಾಲಿಸಿ ತೆಗೆದು ಓದಿ. ವಿಮಾ ಪ್ರಾಧಿಕಾರದ ನಿಯಮದ ಪ್ರಕಾರ ವೈದ್ಯರ ಸಲಹೆ ಇರಬೇಕು, 18 ವರ್ಷ ತುಂಬಿರಬೇಕು, ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು) ಅಥವಾ ಹತೋಟಿಗೆ ಬಾರದ ಶುಗರ್ ಇರಬೇಕು, ಬೇರೆ ದಾರಿಗಳು ಫಲ ಕೊಟ್ಟಿರಬಾರದು. ವೈದ್ಯರ ಗೆರೆ 27.5 ಇದ್ದರೂ ವಿಮೆಯ ಗೆರೆ ಬೇರೆ. ಪಾಲಿಸಿ ತೆಗೆದುಕೊಂಡು ಎಷ್ಟು ವರ್ಷವಾಗಿರಬೇಕು ಎಂಬುದನ್ನೂ ನೋಡಿ, ಅನುಮತಿ ಪತ್ರ ಮೊದಲೇ ತೆಗೆದುಕೊಳ್ಳಿ.

ಊಟ ಬದಲಾಗುತ್ತದೆ, ಒಪ್ಪಿಗೆಯಾ?

ಸಹಿ ಹಾಕುವ ಮೊದಲು ಇದನ್ನು ಮನೆಯವರೆಲ್ಲ ಕೂತು ಮಾತಾಡಬೇಕು. ಮೊದಲ ಎರಡು ವಾರ ನೀರಾದ ಆಹಾರ ಮಾತ್ರ. ಉಪ್ಪಿನಕಾಯಿ ಹಾಕಿಕೊಳ್ಳುವ ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ಬೇಳೆಕಟ್ಟು ಇಟ್ಟುಕೊಂಡು, ಟೀ ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಯಬೇಕು. ಅಷ್ಟು ಮುಗಿಯಲು ಅರ್ಧ ಗಂಟೆ ಹಿಡಿಯುತ್ತದೆ. ಆಮೇಲೆ ಅರೆದದ್ದು, ಮೆತ್ತಗಿನದು, ತಿಂಗಳು ಕಳೆದ ಮೇಲೆ ನಿಧಾನಕ್ಕೆ ಮಾಮೂಲಿ ಊಟ.

ಮುದ್ದೆಯ ವಿಷಯ ಹೇಳಲೇಬೇಕು. ನಾವು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆಪರೇಷನ್ ಆದವರು ಹಾಗೆ ನುಂಗಿದರೆ ತುತ್ತು ಎದೆಯಲ್ಲೇ ನಿಂತು ನೋವು, ವಾಂತಿ ಆಗುತ್ತದೆ. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಡಬೇಕು. ಮಂಡಕ್ಕಿಯದು ಇದಕ್ಕೆ ಉಲ್ಟಾ. ಬಾಯಲ್ಲೇ ಕರಗುತ್ತದೆ, ಸಣ್ಣ ಹೊಟ್ಟೆಯಲ್ಲೂ ನಿಲ್ಲುವುದಿಲ್ಲ. ಸಂಜೆ ಮಂಡಕ್ಕಿ, ಮಿರ್ಚಿ ಸುಮ್ನೆ ಕೈಯಾಡಿಸುತ್ತಾ ಕೂತರೆ ಯಾವ ಆಪರೇಷನ್ ಆದವರಿಗೂ ಇಳಿದ ತೂಕ ಮತ್ತೆ ಏರುತ್ತದೆ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಮೊಟ್ಟೆ, ಬೇಳೆ, ಮೊಸರು, ಪನೀರ್, ಸೋಯಾವನ್ನು ತಟ್ಟೆಯಲ್ಲಿ ಮೊದಲು ತಿನ್ನಬೇಕು, ಅನ್ನ, ರೊಟ್ಟಿ ಆಮೇಲೆ. ಮದುವೆ ಮನೆಯಲ್ಲಿ "ಅಯ್ಯೋ ಅಕ್ಕಾರೆ, ಇಷ್ಟೇನಾ? ಇನ್ನೊಂದು ಹೋಳಿಗೆ ಹಾಕಿಸ್ಕೊಳ್ರಿ" ಅನ್ನುವವರಿಗೆ ಬೇಡ ಅನ್ನಲು ಮನೆಯವರು ಜೊತೆಗೆ ನಿಲ್ಲಬೇಕು.

ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ, ಬಿ12 ಜೀವನಪೂರ್ತಿ. ಸ್ಲೀವ್‌ಗೂ ಇದು ತಪ್ಪುವುದಿಲ್ಲ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಬಹುದು, ಪ್ರೋಟೀನ್ ಸರಿ ಇದ್ದರೆ ಮತ್ತೆ ಬರುತ್ತದೆ. ಮೊದಲ ವರ್ಷ ಹಲವು ಸಲ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಡಿಸ್ಚಾರ್ಜ್ ಸಾರಾಂಶದ ಫೋಟೋ ನಿಮ್ಮ ಮತ್ತು ಮನೆಯವರ ಮೊಬೈಲ್‌ನಲ್ಲಿ ಇರಲಿ. ಮೊದಲ ವಾರಗಳಲ್ಲಿ ನಾಡಿ ಜೋರಾಗಿ ಓಡುವುದು, ಜ್ವರ, ಹೊಟ್ಟೆನೋವು, ಉಸಿರಾಟದ ತೊಂದರೆ ಕಂಡರೆ ಕಾಯಬೇಡಿ, ಹತ್ತಿರದ ಕ್ಯಾಶುವಾಲ್ಟಿಗೆ ಹೋಗಿ, ದಾರಿಯಲ್ಲೇ ಸರ್ಜನ್‌ಗೆ ಫೋನ್ ಮಾಡಿ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೆ ಪೆಟ್ಟಾಗುತ್ತದೆ. ಗ್ಲೂಕೋಸ್ ಹಾಕುವ ಮೊದಲು ಆ ವಿಟಮಿನ್ ಕೊಡಬೇಕಾಗುತ್ತದೆ. ಆಗ ಅಲ್ಲಿನ ಡ್ಯೂಟಿ ಡಾಕ್ಟರಿಗೆ "ಹೊಟ್ಟೆ ಆಪರೇಷನ್ ಆಗಿದೆ" ಅಂದರೆ ಸಾಲದು, ಯಾವ ಆಪರೇಷನ್, ಯಾವ ದಿನ ಆಯಿತು ಎಂಬುದನ್ನು ಆ ಫೋಟೋ ತೋರಿಸಿ ಹೇಳಿ.